ಅಣ್ಣನ ಮ್ಯೂಸಿಕ್ ಸರ್ವರ್ ಮತ್ತು ನಾನು ಬರೆದ ಸುಳ್ಳು

ಮೂರು ತಿಂಗಳ ಹಿಂದೆ ಇದೇ ಜಾಗದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದ್ದೆ.

ಸಣ್ಣಪುಟ್ಟ ಸುಳ್ಳಲ್ಲ. ಅಂಕಣದ ತುಂಬ ಸುಳ್ಳು. ಗಂಗಾವತಿಯಲ್ಲಿ ನನ್ನ ದೊಡ್ಡಪ್ಪನ ಮಗ ವೀರಣ್ಣ ಮಹಡಿಯ ಮೇಲೆ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಮಾಡಿಸಿದ್ದಾನೆ ಎಂದು ಬರೆದಿದ್ದೆನಲ್ಲ, ನೆನಪಿದೆಯೇ? 'ಅಲ್ಲಿ ಎರಡು ಸ್ವರಗಳ ನಡುವಿನ ಮೌನವೂ ಕೇಳಿಸುತ್ತದೆ' ಎಂಬ ಸಾಲೂ ಅದರಲ್ಲಿತ್ತು. ತುಂಬ ಜನ ಮೆಚ್ಚಿ ಫೋನ್ ಮಾಡಿದಿರಿ. (ಕುಷ್ಟಗಿಯ ಓದುಗರೊಬ್ಬರು ಕಣ್ಣಲ್ಲಿ ನೀರು ಬಂತು ಅಂದರು. ಕ್ಷಮಿಸಿ ಸರ್.)

ನನಗೆ ಮೌನಗೀನ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದು 'ಕುಂಯ್' ಎಂಬ ಸದ್ದು.

ಸೊಳ್ಳೆ ಕಿವಿಯ ಹತ್ತಿರ ಬಂದು ಒಳಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತದಲ್ಲ, ಆ ಜಾತಿಯ ಸದ್ದು. ಹಾಡು ಜೋರಾದಾಗ ಅಡಗುತ್ತಿತ್ತು. ಹಾಡು ಇಳಿದಾಗ ತಲೆ ಎತ್ತುತ್ತಿತ್ತು. ಎರಡು ಸ್ವರಗಳ ನಡುವೆ ಅಂತೂ ಅದರದ್ದೇ ಕಾರುಬಾರು.

ಮತ್ತೆ ಹಾಗೆ ಯಾಕೆ ಬರೆದೆ? ನಾನು ಹೋದ ದಿನ ಆ ಕೋಣೆಯಲ್ಲಿ ಊರಿನ ಐದಾರು ದೊಡ್ಡ ಮನುಷ್ಯರಿದ್ದರು. ಎಲ್ಲರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಒಬ್ಬರು 'ಆಹಾ' ಎಂದೂ ಅಂದರು. ಬಹುಶಃ ಈ 'ಕುಂಯ್' ಕೂಡ ಹೈ-ಎಂಡ್ ಇರಬೇಕು, ಕೊಪ್ಪಳದಲ್ಲಿ ಮೊಬೈಲ್ ಅನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಹಾಡು ಕೇಳುವ ನನ್ನಂಥವಳಿಗೆ ತಿಳಿಯುತ್ತಿಲ್ಲ ಎಂದುಕೊಂಡೆ. ನಾನೂ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಕೆಳಗಿನಿಂದ ವೀರಣ್ಣನ ಹೆಂಡತಿ ಗಿರಿಜಾ ವೈನಿ ಮಾಡುತ್ತಿದ್ದ ಎಣ್ಣೆಗಾಯಿಯ ವಾಸನೆ ಮೇಲೆ ಬಂತು. ಅದನ್ನು ಉಂಡ ಮೇಲೆ ಆ ಮನೆಯ ಬಗ್ಗೆ ಕೆಟ್ಟದ್ದು ಬರೆಯುವ ಧೈರ್ಯ ಯಾವ ಅಂಕಣಕಾರ್ತಿಗಿದೆ?

ಈ ಮ್ಯೂಸಿಕ್ ಸರ್ವರ್ ಎಂದರೆ ಏನು ಅಂತ ಈಗಲಾದರೂ ಹೇಳಿಬಿಡುತ್ತೇನೆ. ಹೋದ ಸಲ ಕಾವ್ಯದ ಭರದಲ್ಲಿ ಮರೆತಿದ್ದೆ. ಅದೊಂದು ಕಪ್ಪು ಡಬ್ಬಿ. ಎರಡು ಕಿಲೋ ಪೇಢೆ ಹಿಡಿಸುವಷ್ಟು. ಗುಂಡಿ ಇಲ್ಲ, ಪರದೆ ಇಲ್ಲ. ಅಣ್ಣ ಇಷ್ಟು ವರ್ಷ ಕೂಡಿಟ್ಟ ಸೀಡಿಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಅಲ್ಲಿಂದ ಹಾಡು ಇನ್ನೊಂದು ಡಬ್ಬಿಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ನನ್ನಷ್ಟೇ ಎತ್ತರದ ಎರಡು ಸ್ಪೀಕರುಗಳಿಗೆ. ಇಷ್ಟಕ್ಕೂ ಯಜಮಾನ ಒಂದು ಸಾಫ್ಟ್‌ವೇರ್. ಅದು ಅಣ್ಣನ ತೊಡೆಯ ಮೇಲಿನ ಟ್ಯಾಬ್ಲೆಟ್‌ನಲ್ಲಿ ಕೂತಿರುತ್ತದೆ.

ನನ್ನ ಮೊಬೈಲೂ ಹಾಡು ಹೇಳುತ್ತದಲ್ಲ ಅಂದರೆ ಅಣ್ಣನಿಗೆ ಸಿಟ್ಟು ಬರುತ್ತದೆ. ಆ ಸಾಫ್ಟ್‌ವೇರ್ ಹಾಡು ಹಚ್ಚುವುದಷ್ಟೇ ಅಲ್ಲ, ತಬಲಾ ಯಾರದು, ರೆಕಾರ್ಡ್ ಆಗಿದ್ದು ಎಲ್ಲಿ, ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್ ಎಂಬುದನ್ನೆಲ್ಲ ತೋರಿಸುತ್ತದೆ. ಮೂಲೆಯಲ್ಲಿ ಒಂದು ಹಸಿರು ಚುಕ್ಕೆ. ಅದು ಉರಿಯುತ್ತಿದ್ದರೆ ಹಾಡಿನಲ್ಲಿ ಯಾವ ಕಲಬೆರಕೆಯೂ ಇಲ್ಲವೆಂದು ಅರ್ಥ. ಜೊತೆಗೆ ಹಾಡಿನ ಸದ್ದನ್ನು ಚೂರುಚೂರು ಬದಲಿಸುವ ಏಳು ಬಗೆಯ ಫಿಲ್ಟರು. ಒಂದೇ ಆಲಾಪವನ್ನು ಅಣ್ಣ ಏಳು ಸಲ ಹಚ್ಚುತ್ತಿದ್ದ.

"ಈಗ ಹೆಂಗ?"

"ಛಲೋ ಐತಿ ಅಣ್ಣಾ."

"ಈಗ?"

"ಇನ್ನೂ ಛಲೋ ಐತಿ."

ಏಳನೆಯ ಸಲಕ್ಕೆ ಹೊಗಳಿಕೆಯ ಪದಗಳೇ ತೀರಿಹೋಗುತ್ತಿದ್ದವು. ಕೋಣೆಯಲ್ಲಿ ಫ್ಯಾನ್ ಹಚ್ಚುವಂತಿಲ್ಲ. ಏಪ್ರಿಲ್ ತಿಂಗಳು, ಗಂಗಾವತಿ, ಮುಚ್ಚಿದ ಕಿಟಕಿ! ಬಳೆ ಸದ್ದಾಗಬಾರದು. ಕೆಳಗೆ ವೈನಿ ಮಿಕ್ಸರ್ ತಿರುಗಿಸಬಾರದು. ಚಟ್ನಿಗೂ ರಾಗಕ್ಕೂ ಆ ಮನೆಯಲ್ಲಿ ಟೈಮ್‌ಟೇಬಲ್ ಇತ್ತು.

ನಗಬೇಡಿ. ವೀರಣ್ಣ ಶೋಕಿಯ ಮನುಷ್ಯನಲ್ಲ. ಅವನ ಕಿವಿ ಒಂದು ಕಾಲಕ್ಕೆ ಗಂಗಾವತಿಯಲ್ಲಿ ಹೆಸರುವಾಸಿಯಾಗಿತ್ತು.

ಅವನದು ಅಕ್ಕಿ ಮಿಲ್ಲು. ಹರೆಯದಲ್ಲಿ ಅಂಗಳದಲ್ಲಿ ಚಹಾ ಕುಡಿಯುತ್ತ ನಿಂತವನು ಇದ್ದಕ್ಕಿದ್ದಂತೆ ಕಪ್ಪು ಕೆಳಗಿಟ್ಟು 'ಎರಡನೇ ಎಲಿವೇಟರಿನ ಮ್ಯಾಲಿನ ಬೇರಿಂಗ್ ಹೋಗಾಕತ್ತೈತಿ' ಅನ್ನುತ್ತಿದ್ದ. (ಎಲಿವೇಟರ್ ಎಂದರೆ ಇಲ್ಲಿ ಭತ್ತ ಮೇಲೆತ್ತುವ ಯಂತ್ರ.) ಬಿಚ್ಚಿ ನೋಡಿದರೆ ಹೌದು. ರಬ್ಬರ್ ರೋಲರ್ ಸವೆದಿದೆಯೋ, ಭತ್ತದಲ್ಲಿ ಹಸಿ ಉಳಿದಿದೆಯೋ, ಎಲ್ಲವೂ ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಬೇರೆ ಮಿಲ್ಲಿನವರು ಸ್ಕೂಟರ್ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವನು ಹೋಗಿ ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ, ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ.

ಆ ಕಿವಿಯೇ ಅವನನ್ನು ಸಂಗೀತಕ್ಕೆ ಎಳೆದದ್ದು. ಕ್ಯಾಸೆಟ್ಟು, ಸೀಡಿ, ಈಗ ಸರ್ವರ್. ದಿನವಿಡೀ ಗಡಗಡ ಕೇಳಿದ ಮನುಷ್ಯ ಸಂಜೆಗೆ ಒಂದು ಗಂಟೆ ಶುದ್ಧ ಸದ್ದು ಬೇಕು ಅಂದರೆ ತಪ್ಪೇನು?

ಇರಲಿ. ನನ್ನ ಅಂಕಣ ಬಂದ ದಿನವೇ ಅಣ್ಣ ಅದನ್ನು ಲ್ಯಾಮಿನೇಟ್ ಮಾಡಿಸಿದ. ಎರಡು ಸ್ಪೀಕರುಗಳ ನಡುವೆ ತೂಗುಹಾಕಿದ. ಫೋಟೊ ತೆಗೆದು ಆಡಿಯೊಫೈಲ್‌ಗಳ ವಾಟ್ಸಾಪ್ ಗುಂಪಿಗೆ ಕಳಿಸಿದ. (ಆಡಿಯೊಫೈಲ್ ಎಂದರೆ ಹಾಡಿಗಿಂತ ಹಾಡು ಬರುವ ದಾರಿಯನ್ನು ಹೆಚ್ಚು ಪ್ರೀತಿಸುವವರು. ಹೀಗೆ ಹೇಳಿದ್ದಕ್ಕೆ ಅವರು ಬೈಯಬಹುದು, ಬೈಯಲಿ.) ಹುಬ್ಬಳ್ಳಿ, ಬಳ್ಳಾರಿ ಕಡೆಯ ನಾಲ್ಕು ಮಂದಿ 'ಮೌನ ಕೇಳಲು ಬರುತ್ತೇವೆ' ಎಂದು ಉತ್ತರ ಬರೆದರು.

"ಭಾನುವಾರ ಬರಾಕತ್ಯಾರ. ನೀ ಬರಲೇಬೇಕು ಶೈಲಾ, ನೀನ ಚೀಫ್ ಗೆಸ್ಟ್!" ಅಂದ ಅಣ್ಣ.

ನನಗೆ ಜ್ವರ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆ ನಾಲ್ವರು ಬಂದರು. ಒಬ್ಬರು ತಮ್ಮದೇ ವೈರನ್ನು ಕೂಸಿನ ಹಾಗೆ ಮೆತ್ತನೆಯ ಚೀಲದಲ್ಲಿ ಸುತ್ತಿಕೊಂಡು ತಂದಿದ್ದರು. ಉಪ್ಪಿಟ್ಟು, ಚಹಾ ಆಯಿತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಎಲ್ಲರನ್ನೂ ಕೂಡಿಸಿ, ಫ್ಯಾನ್ ಆರಿಸಿ, ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದ.

ಸಿತಾರ್ ಶುರುವಾಯಿತು. ಕುಂಯ್ ಕೂಡ.

ಐದು ನಿಮಿಷ ಎರಡೂ ನಡೆದವು. ಆಮೇಲೆ ಹುಬ್ಬಳ್ಳಿಯಿಂದ ಬಂದಿದ್ದ ಬಿಳಿ ಗಡ್ಡದ ಒಬ್ಬರು, ತುಂಬ ಸಭ್ಯ ಮನುಷ್ಯ, ಕೇಳಿದರು. "ವೀರಣ್ಣಾವರ, ಸಿಸ್ಟಮ್ ಭಾಳ ಛಲೋ ಐತ್ರಿ. ಆದ್ರ ಸಣ್ಣಂಗ ಒಂದು ಸೀಟಿ ಬರಾಕತ್ತೈತಲ್ರಿ, ಅದೇನದು?"

"ಸೀಟೀನಾ? ಎಲ್ಲಿ?" ಅಂದ ಅಣ್ಣ.

"ಎರಡೂ ಸ್ಪೀಕರಿನಾಗ."

ಅಣ್ಣ ಹಾಡು ನಿಲ್ಲಿಸಿದ. ಈಗ ಕೋಣೆಯಲ್ಲಿ ಕುಂಯ್ ಒಂದೇ ಉಳಿಯಿತು. ಅಣ್ಣ ಎಡ ಸ್ಪೀಕರಿನ ಮುಂದೆ ಬಗ್ಗಿದ. ಬಲ ಸ್ಪೀಕರಿನ ಮುಂದೆ ಬಗ್ಗಿದ. ಮಿಲ್ಲಿನ ಯಂತ್ರದ ಮುಂದೆ ನಿಲ್ಲುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದ.

"ಏನೂ ಇಲ್ಲಲ್ರಿ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಟ್ಯಾಬ್ಲೆಟ್ ಎತ್ತಿ ಅವರ ಕಡೆ ತಿರುಗಿಸಿದ. "ನೋಡ್ರಿ ಬೇಕಾದ್ರ. ಚುಕ್ಕಿ ಹಸಿರೈತಿ. ಏನಾರ ಇದ್ದಿದ್ರ ಇದು ತೋರಸ್ತಿತ್ತು."

ನಾಲ್ವರೂ ಬಗ್ಗಿ ಚುಕ್ಕೆ ನೋಡಿದರು. ಅಣ್ಣನ ದನಿ ಏರಿತು.

"ಶೈಲಾ! ನೀ ಹೇಳು. ನೀ ಇಲ್ಲೇ ಕುಂತು ಕೇಳಿ ಪೇಪರಿನಾಗ ಬರದೀದಿ. ಐತೇನು ಸೀಟಿ?"

ಅವನ ತಲೆಯ ಹಿಂದೆ ನನ್ನದೇ ಅಂಕಣ ನೇತಾಡುತ್ತಿತ್ತು. ನನ್ನದೇ ಫೋಟೊ ನನ್ನನ್ನು ನೋಡಿ ನಗುತ್ತಿತ್ತು. ಇಲ್ಲ ಎಂದರೆ ಅಣ್ಣ ಗೆಲ್ಲುತ್ತಾನೆ, ಅತಿಥಿಗಳು ಉಂಡು ಹೋಗುತ್ತಾರೆ, ಕಾರು ಹತ್ತಿದ ಮೇಲೆ ನಗುತ್ತಾರೆ. ಹೌದು ಎಂದರೆ? ಬೆವರು ಬೆನ್ನಲ್ಲಿ ಇಳಿಯಿತು. (ಫ್ಯಾನ್ ಇಲ್ಲದ್ದಕ್ಕೂ ಇರಬಹುದು.)

"ಐತಿ ಅಣ್ಣಾ" ಅಂದೆ. "ಆವತ್ತೂ ಇತ್ತು."

ಅಣ್ಣ ನನ್ನನ್ನು ನೋಡಿದ ರೀತಿ ಬೇಡ ಬಿಡಿ. ಬೈದಿದ್ದರೆ ವಾಸಿಯಿತ್ತು. ಬಾಗಿಲಲ್ಲಿ ವೈನಿ ಖಾಲಿ ಕಪ್ಪುಗಳಿಗಾಗಿ ಬಂದು ನಿಂತಿದ್ದರು. ಅವರ ಕಡೆ ತಿರುಗಿದ.

"ನಿನಗೂ ಕೇಳಸ್ತೈತೇನು?"

"ಹೂಂ."

"ಯಾವಾಗಿನಿಂದ?"

"ಮೊದಲಿನ ದಿನದಿಂದ."

"ಮತ್ತ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ನೆಲ್ರಿ" ಅಂದರು ವೈನಿ, ಕಪ್ಪು ಎತ್ತಿಕೊಳ್ಳುತ್ತ. "ನಿಮಗ ಕೇಳಸಲಿಲ್ಲ."

ಆ ನಾಲ್ವರು ನಿಜವಾಗಿ ದೊಡ್ಡ ಮನುಷ್ಯರು. ಯಾರೂ ನಗಲಿಲ್ಲ. ಊಟ ಮಾಡಿ, ಎಣ್ಣೆಗಾಯಿ ಹೊಗಳಿ, ಎರಡು ಗಂಟೆಗೇ ಹೊರಟರು. ವೈರಿನವರು ಚೀಲ ಬಿಚ್ಚಲೇ ಇಲ್ಲ.

ಅವರು ಹೋದ ಮೇಲೆ ಅಣ್ಣ ಖಾಜಾಸಾಬರನ್ನು ಕರೆಸಿದ. ಖಾಜಾಸಾಬರು ಮಿಲ್ಲಿನ ಮಿಸ್ತ್ರಿ, ಅಣ್ಣನ ಜೊತೆಗೇ ಮುದುಕರಾದವರು. ಮೆಟ್ಟಿಲು ಹತ್ತಿ ಬಾಗಿಲಿಗೆ ಬರುವುದರೊಳಗೇ 'ಇದೇನ್ರಿ ಸದ್ದು' ಅಂದರು. ಅಣ್ಣನ ಮುಖ ಇನ್ನಷ್ಟು ಇಳಿಯಿತು. ಖಾಜಾಸಾಬರು ಒಂದೊಂದೇ ಡಬ್ಬಿಯ ಪ್ಲಗ್ ಕಿತ್ತು ನೋಡಿದರು. ಸರ್ವರ್‌ದು ಕಿತ್ತಾಗ ಸದ್ದು ನಿಂತಿತು.

"ಇದರ ಜೋಡಿ ಬಂದಿದ್ದ ಅಡಾಪ್ಟರ್ ಎಲ್ಲೈತ್ರಿ?"

ಅಟ್ಟದ ಮೇಲಿತ್ತು. ಅದನ್ನು ತೆಗೆದಿಟ್ಟು ಅಣ್ಣ ಬೇರೆ ದುಬಾರಿ ಅಡಾಪ್ಟರ್ ತರಿಸಿ ಹಾಕಿದ್ದನಂತೆ. ಯಾಕೆ? ಹಾಡಿನಲ್ಲಿ ಯಾವ ಸದ್ದೂ ಬೆರೆಯಬಾರದು ಅಂತ! ಖಾಜಾಸಾಬರು ಹಳೆಯದನ್ನು ಚುಚ್ಚಿದರು. ಸಿತಾರ್ ಹಚ್ಚಿದರು. ಕುಂಯ್ ಇಲ್ಲ. ಕೋಣೆ ತಿಳಿಯಾಯಿತು. ನಾನೂ ವೈನಿಯೂ ಒಟ್ಟಿಗೇ ಉಸಿರು ಬಿಟ್ಟೆವು.

ಅಣ್ಣ ಮಾತ್ರ ನಮ್ಮ ಮುಖಗಳನ್ನು ನೋಡುತ್ತಿದ್ದ. "ಈಗ ಹೋತೇನು?" ಎಂದು ಕೇಳಿದ. ಅವನಿಗೆ ಮೊದಲೂ ಅದೇ ಸಿತಾರ್, ಈಗಲೂ ಅದೇ ಸಿತಾರ್.

ಖಾಜಾಸಾಬರು ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತರು. ಹೋಗಲಿಲ್ಲ.

"ಸಾವ್ಕಾರ್ರ, ಒಂದು ಮಾತು ಹೇಳ್ಲೇನ್ರಿ?"

"ಹೇಳೋ."

"ಮಿಲ್ಲಿನಾಗೂ ಹಿಂಗ ಆಗಾಕತ್ತೈತ್ರಿ. ಬೇರಿಂಗ್ ಚೀರ್ತಿರತೈತಿ, ನೀವು ಬಾಜೂಕ ಹಾದು ಹೋಗಿಬಿಡ್ತೀರಿ. ನೀವು ಬರೋದರಾಗ ಬೆಳಿಗ್ಗೆ ನಾನ ಬಂದು ಬದಲಿ ಮಾಡ್ತಿದ್ನಿ. ಹೋದ ತಿಂಗಳ ಬೇರಿಂಗ್ ಜಾಮ್ ಆಗಿ ಬೆಲ್ಟ್ ಹರೀತಲ್ರಿ? ಅವತ್ತ ನಾ ರಜಾ ಇದ್ದೆ."

ಬೆಲ್ಟ್ ಹರಿದದ್ದು ನಮಗೆಲ್ಲ ಗೊತ್ತಿತ್ತು. ಹರಿದ ಬೆಲ್ಟು ಬಂದು ಬಡಿದದ್ದು ದಿನವೂ ಕೂಲಿಯ ಹುಲಿಗೆಮ್ಮ ತೌಡು ಬಳಿಯುತ್ತ ಕೂರುವ ಜಾಗಕ್ಕೆ. ಅವಳು ಆ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗಿದ್ದಳು. ಅದೃಷ್ಟ ಎಂದು ಎಲ್ಲರೂ ಅಂದಿದ್ದರು. ಬೆಲ್ಟು ಹಳೆಯದಾಗಿತ್ತು ಎಂದು ಅಣ್ಣ ಅಂದಿದ್ದ.

"ಅವತ್ತ ಅದು ಚೀರಾಕತ್ತಿತ್ತೇನು?" ಅಣ್ಣ ಮೆಲ್ಲಗೆ ಕೇಳಿದ.

"ಬೆಳಿಗ್ಗಿಂದ ಚೀರಾಕತ್ತಿತ್ತಂತ್ರಿ. ಸಾವ್ಕಾರ್ರು ಅಲ್ಲೇ ಅದಾರ, ಅವರಿಗಿಂತ ನಮಗ ಹೆಚ್ಚು ಗೊತ್ತೈತೇನು ಅಂತ ಯಾರೂ ಬಾಯಿ ಬಿಟ್ಟಿಲ್ಲ."

ಅಣ್ಣ ಆ ದೊಡ್ಡ ಕುರ್ಚಿಯಲ್ಲಿ ಕೂತುಬಿಟ್ಟ. ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟ. ಆ ಮಿಲ್ಲಿನಲ್ಲಿ ಅವನ ಕಿವಿಯ ಮೇಲೆ ನಂಬಿಕೆಯಿಟ್ಟು ಎಷ್ಟು ಜನ ಬಾಯಿ ಮುಚ್ಚಿಕೊಂಡಿದ್ದರೋ! ಆ ಸಾಲಿನಲ್ಲಿ ನಾನೂ ಇದ್ದೆ. ಅವರಾದರೂ ಸುಮ್ಮನಿದ್ದರು. ನಾನು ಅಚ್ಚು ಹಾಕಿಸಿದ್ದೆ.

ಗುರುವಾರ ಹೊಸಪೇಟೆಗೆ ಹೋದೆವು. ಪ್ರಾಯಶ್ಚಿತ್ತಕ್ಕೆ ನಾನೂ ಜೊತೆಗೆ ಹೊರಟೆ. ಕೊಪ್ಪಳದಿಂದ ಬಸ್ಸಿನಲ್ಲಿ ಬಂದು ಹಿಟ್ನಾಳ ಕ್ರಾಸಿನಲ್ಲಿ ಇಳಿದು ಅಣ್ಣನ ಕಾರು ಹತ್ತಿದೆ. ಮುನಿರಾಬಾದ್ ದಾಟುವವರೆಗೂ ಅವನು ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಆಮೇಲೆ ಅಂದ.

"ಗಿರಿಜಾ ಇತ್ತಿತ್ಲಾಗ ಬಾಯಾಗ ಗುಣುಗುಣು ಮಾತಾಡತಾಳ ಅಂತ ಬೈತಿದ್ದೆ ನಾ."

ನಾನು ಏನೂ ಅನ್ನಲಿಲ್ಲ. ಅಂದಿದ್ದರೂ ಕೇಳಿಸುತ್ತಿತ್ತೋ ಇಲ್ಲವೋ.

ಕಿವಿ ಪರೀಕ್ಷೆಯ ಕೋಣೆಯೂ ಅಣ್ಣನ ಕೋಣೆಯ ಹಾಗೇ ಇತ್ತು. ಗೋಡೆಗೆ ಮೆತ್ತನೆ ಹೊದಿಕೆ, ಕಿಟಕಿ ಇಲ್ಲ, ಫ್ಯಾನ್ ಇಲ್ಲ. ಒಂದೇ ಒಂದು ಕುರ್ಚಿ. ಸಣ್ಣ ವಯಸ್ಸಿನ ಡಾಕ್ಟರಮ್ಮ ಅವನ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗಲೆಲ್ಲ ಒತ್ತಿ ಅಂದರು. ನಾನು ಗಾಜಿನ ಈಚೆ ಅವರ ಪಕ್ಕದಲ್ಲಿ ಕೂತೆ.

ಮೊದಮೊದಲು ಅಣ್ಣ ಪಟಪಟ ಒತ್ತಿದ. ಜಾಣ ಹುಡುಗನ ಹಾಗೆ. ಆಮೇಲೆ ನಿಂತ. ಡಾಕ್ಟರಮ್ಮ ಗುಬುಟು ತಿರುಗಿಸುತ್ತಲೇ ಇದ್ದರು, ಸದ್ದು ಹೋಗುತ್ತಲೇ ಇತ್ತು. ಅಣ್ಣ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು, ಮುಂದಕ್ಕೆ ಬಗ್ಗಿ, ಕಣ್ಣು ಮುಚ್ಚಿ ಕಾಯುತ್ತಿದ್ದ. ಒಂದು ಸಲ ಕಣ್ಣು ತೆರೆದು ನನ್ನ ಕಡೆ ನೋಡಿ, ಶುರುವಾಯಿತೇ ಎಂದು ಹುಬ್ಬಿನಲ್ಲೇ ಕೇಳಿದ.

ನಾನು ತಲೆ ಬಗ್ಗಿಸಿ ಚೀಲದಲ್ಲಿ ಏನೋ ಹುಡುಕಿದೆ. ಏನೂ ಹುಡುಕಲಿಕ್ಕಿರಲಿಲ್ಲ.

ಡಾಕ್ಟರಮ್ಮ ಕಾಗದ ತೋರಿಸಿದರು. ದಪ್ಪ ಸದ್ದುಗಳ ಕಡೆ ಗೆರೆ ನೆಟ್ಟಗಿತ್ತು. ಚೂಪು ಸದ್ದುಗಳ ಕಡೆ ಬರುತ್ತ ಬಾವಿಗೆ ಬಿದ್ದಿತ್ತು.

"ಮಿಲ್ಲಿನಾಗ ಕಿವಿಗೆ ಏನರ ಹಾಕ್ಕೋತಿದ್ರೇನ್ರಿ?"

"ಕಿವಿ ಮುಚ್ಕೊಂಡ್ರ ಮಿಲ್ ಹೆಂಗ ಕೇಳಸ್ಬೇಕವ್ವಾ?" ಅಂದ ಅಣ್ಣ.

ಯಾವ ಕಿವಿಯಿಂದ ಮಿಲ್ಲನ್ನು ಕಾದನೋ ಆ ಕಿವಿಯನ್ನೇ ಮಿಲ್ಲು ಇಷ್ಟಿಷ್ಟೇ ತಿಂದಿತ್ತು. ಹೋದದ್ದು ಮರಳಿ ಬರುವುದಿಲ್ಲವಂತೆ. ಉಳಿದದ್ದನ್ನು ಕಾಯ್ದುಕೊಳ್ಳಬಹುದು, ಮಷೀನ್ ಹಾಕಿಕೊಳ್ಳಬಹುದು ಅಂದರು.

ಇದನ್ನು ಕೇಳಿ ಅಣ್ಣ ಕುಸಿದು ಹೋದ ಎಂದು ನೀವು ಅಂದುಕೊಂಡರೆ ನಿಮಗೆ ಗಂಗಾವತಿ ಗೊತ್ತಿಲ್ಲ. ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಫೋನ್ ಮಾಡಿ ಕೇಳಿದ. "ಕಿವಿ ಮಷೀನಿನಾಗ ಹೈ-ಎಂಡ್ ಅಂದ್ರ ಯಾವುದೈತಿ?"

ತಂದ, ಹಾಕಿಕೊಂಡ. ಮೊದಲ ದಿನವಂತೂ ರಂಪ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ಒಯ್ದ. ("ಅದು ಮೊದಲಿಂದ್ಲೂ ಅನ್ನತೈತ್ರಿ ಸಾವ್ಕಾರ್ರ.") ಪ್ಲಾಸ್ಟಿಕ್ ಚೀಲದ ಸದ್ದಿಗೆ ಬೆಚ್ಚಿಬಿದ್ದ. ತನ್ನ ಚಪ್ಪಲಿಯೇ ತನ್ನನ್ನು ಹಿಂಬಾಲಿಸುತ್ತಿದೆ ಎಂದ. ಆದರೆ ಹಾಡು? ಹಾಡು ಹಾಳಾಯಿತು. ಮಷೀನ್ ಹಾಕಿಕೊಂಡು ಕೇಳಿದರೆ ಸಿತಾರ್ ತಗಡು ಬಡಿದಂತೆ. ತೆಗೆದು ಕೇಳಿದರೆ ಕಂಬಳಿ ಹೊದ್ದಂತೆ. ಆ ಸಂಜೆ ಅವನು ಮಷೀನ್ ಕಿತ್ತು ದಿಂಬಿನ ಮೇಲೆ ಎಸೆದು ಅತ್ತನಂತೆ. ಇದನ್ನು ಹೇಳಿದ್ದು ವೈನಿ. ಬರೆಯಲು ಅಣ್ಣನ ಅನುಮತಿ ಕೇಳಿದ್ದೇನೆ. "ಬರೀ. ಈ ಸಲ ಖರೇ ಬರೀ" ಅಂದ.

ಆಮೇಲೆ ಅವನು ಮಾಡಿದ್ದು ಮಾತ್ರ ಅವನಿಗೇ ತಕ್ಕುದು. ಮಿಲ್ಲಿನಲ್ಲಿ ಎಲ್ಲರಿಗೂ ಕಿವಿಗೆ ಹಾಕುವ ಮುಚ್ಚಳ ತರಿಸಿದ. ಹುಲಿಗೆಮ್ಮ 'ನಾನೇನು ವಿಮಾನ ಹಾರಸ್ಲೇನ್ರಿ' ಎಂದು ಎರಡು ದಿನ ಜಗಳ ಮಾಡಿದಳು. ಅಣ್ಣ ಅವಳ ಮುಂದೆ ಆ ಕಾಗದ ಹಿಡಿದು, ಬಾವಿಗೆ ಬಿದ್ದ ಗೆರೆ ತೋರಿಸಿದ. ಹಾಕಿಕೊಂಡಳು. ವಾರಕ್ಕೆರಡು ದಿನ ಖಾಜಾಸಾಬರು ಹೇಳಿದ ಹೊತ್ತಿಗೆ ಮಿಲ್ಲು ನಿಲ್ಲಿಸಿ ಬೇರಿಂಗ್ ತಪಾಸಣೆ. ಯಾರಿಗೆ ಏನು ಸದ್ದು ಕೇಳಿಸಿದರೂ ಕೂಡಲೇ ಹೇಳಬೇಕು, ಸಾವ್ಕಾರ್ರು ಪಕ್ಕದಲ್ಲೇ ನಿಂತಿದ್ದರೂ ಹೇಳಬೇಕು.

ಮಹಡಿಯ ಕೋಣೆಯಲ್ಲಿ ಈಗ ಫ್ಯಾನ್ ತಿರುಗುತ್ತದೆ. ದೊಡ್ಡ ಕುರ್ಚಿಯಲ್ಲಿ ವೈನಿ ಕೂರುತ್ತಾರೆ. ಟ್ಯಾಬ್ಲೆಟ್ಟೂ ಅವರದೇ ತೊಡೆಯ ಮೇಲೆ. ಆ ಸಾಫ್ಟ್‌ವೇರ್ ಬುದ್ಧಿವಂತ, ಕೇಳುವವರ ರುಚಿ ಹಿಡಿದು ಹಾಡು ಸೂಚಿಸುತ್ತದೆ. ಈಚೆಗೆ ಅದು ಅಣ್ಣನಿಗೆ ಸೀರಿಯಲ್ಲುಗಳ ಟೈಟಲ್ ಹಾಡು ಸೂಚಿಸುತ್ತಿದೆಯಂತೆ. ಅಣ್ಣ ಪಕ್ಕದ ಸ್ಟೂಲಿನಲ್ಲಿ ಕೂತು, ಕೈ ಚಾಚಿ ಫಿಲ್ಟರ್ ಬದಲಿಸಿ ಕೇಳುತ್ತಾನೆ, ವೈನಿ ಉತ್ತರಿಸುತ್ತಾರೆ.

"ಈಗ ಹೆಂಗ?"

"ಮೊದಲಿನಂಗ ಐತಿ."

"ಈಗ?"

"ಮೊದಲಿನಂಗ ಐತ್ರಿ. ಏಳೂ ಒಂದ ಅದಾವ. ಸುಮ್ನ ಹಾಡು ಕೇಳ್ರಿ."

ಒಂದು ಮನೆಗೆ ಇಷ್ಟು ನಿಜ ಸಾಕು ಎಂದು ನಾನು ಅಂದುಕೊಂಡಿದ್ದೆ. ಆದರೆ ನಿಜದ ಚಟ ಹತ್ತಿದರೆ ಬಿಡುವುದಿಲ್ಲ ನೋಡಿ. ಹೋದ ವಾರ ಗಂಗಾವತಿಯ ಕಾಲೇಜಿನಲ್ಲಿ ನನ್ನ ಭಾಷಣವಿತ್ತು. ಅಣ್ಣ ಎರಡೂ ಕಿವಿಗೆ ಮಷೀನ್ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಮರುದಿನ ಬೆಳಿಗ್ಗೆ ಫೋನ್ ಬಂತು.

"ಶೈಲಾ, ಇಷ್ಟು ವರ್ಷ ನಿನ್ನ ಭಾಷಣ ಛಲೋ ಇತ್ತು ಛಲೋ ಇತ್ತು ಅಂತಿದ್ನೆಲ್ಲ? ನಿನ್ನೆ ಮೊದಲನೇ ಸಲ ಪೂರಾ ಕೇಳಸ್ತು ನೋಡು. ಖರೇ ಹೇಳ್ಲೇನು?"

"ಅಣ್ಣಾ, ಇಲ್ಲೆ ಟವರ್ ಸಿಗವಲ್ದು, ನನಗೇನೂ ಕೇಳಸವಲ್ದು" ಎಂದು ನಾನು ಫೋನ್ ಇಟ್ಟೆ.